ಗಾಲಿಕುರ್ಚಿಯ ಜಾಗದಲ್ಲಿ ‘ದಯವಿಟ್ಟು’ ಎಂಬ ಪದಕ್ಕೆ ಏನು ಕೆಲಸ?

ನೇರನುಡಿ:
ಬಸ್ಸಿನಲ್ಲಿ ಗಾಲಿಕುರ್ಚಿಗೆಂದು ಬಿಟ್ಟಿರುವ ಜಾಗದ ಪಕ್ಕದಲ್ಲಿ ‘ಗಾಲಿಕುರ್ಚಿಯವರು ಬಂದರೆ ದಯವಿಟ್ಟು ಜಾಗ ಬಿಟ್ಟುಕೊಡಿ’ ಎಂದು ಬರೆದಿರುತ್ತಾರೆ. ನನ್ನ ತಕರಾರು ಆ ‘ದಯವಿಟ್ಟು’ ಎಂಬುದರ ಮೇಲೆಯೇ. ಕಳೆದ ವಾರ ನನ್ನೆದುರು ಬಂದು ನಿಂತ ಬಸ್ಸಿನ ಆ ಜಾಗದಲ್ಲಿ ಮಗುವಿನ ಸ್ಟ್ರೋಲರ್ ಇತ್ತು. ಚಾಲಕರು ಒಮ್ಮೆ ಕೇಳಿದರು, ‘ಆಗುವುದಿಲ್ಲ’ ಎಂಬ ಉತ್ತರ ಬಂತು, ಬಾಗಿಲು ಮುಚ್ಚಿಕೊಂಡಿತು. ಉಳಿದವರೆಲ್ಲ ಬಸ್ಸಿನಲ್ಲಿ ಎಲ್ಲಿ ಬೇಕಾದರೂ ನಿಲ್ಲಬಲ್ಲರು. ಬ್ರೇಕ್ ಹಾಕಿದಾಗ ಕುರ್ಚಿ ಉರುಳದಂತೆ ಆಸರೆ ಇರುವುದು ಅಲ್ಲಿ ಮಾತ್ರವಾದ್ದರಿಂದ ನನಗಿರುವುದು ಅದೊಂದೇ ಜಾಗ. ಅದು ನನ್ನ ಹಕ್ಕೋ, ಮೊದಲು ಹತ್ತಿದವರ ಔದಾರ್ಯವೋ?

ಅವಳಿ ತಾಯಿ:
‘ಉಳಿದವರೆಲ್ಲ ಎಲ್ಲಿ ಬೇಕಾದರೂ ನಿಲ್ಲಬಲ್ಲರು’ ಎಂಬ ಮಾತನ್ನು ಕೂಸುಗಳನ್ನು ಕಟ್ಟಿಕೊಂಡು ಬಸ್ಸು ಹತ್ತದವರು ಮಾತ್ರ ಬರೆಯಬಲ್ಲರು. ನನ್ನದು ಅವಳಿ ಮಕ್ಕಳ ಗಾಡಿ. ಅದನ್ನು ಮಡಚಬೇಕಾದರೆ ಮೊದಲು ಇಬ್ಬರನ್ನೂ ಎತ್ತಿಕೊಳ್ಳಬೇಕು, ಎತ್ತಿಕೊಂಡ ಮೇಲೆ ಮಡಚಲು ಮೂರನೆಯ ಕೈ ಬೇಕು, ಕಂಬ ಹಿಡಿದು ನಿಲ್ಲಲು ನಾಲ್ಕನೆಯದು ಬೇಕು. ಮೊದಲು ಹತ್ತಿದವಳು ನಾನು. ಟಿಕೆಟ್ ನಾನೂ ತೆಗೆದುಕೊಂಡಿದ್ದೇನೆ.

ವಾದಪ್ರಿಯ:
‘ಮೊದಲು ಹತ್ತಿದವಳು’ ಎಂಬ ವಾದ ನ್ಯಾಯಾಲಯದಲ್ಲಿ ಎಂದೋ ಬಿದ್ದುಹೋಗಿದೆ. 2012ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ವೆದರ್ಬಿಯಿಂದ ಲೀಡ್ಸ್‌ಗೆ ಹೊರಟಿದ್ದ ಡಗ್ ಪೌಲಿ ಎಂಬ ಗಾಲಿಕುರ್ಚಿ ಬಳಕೆದಾರರಿಗೆ ಆದದ್ದೂ ಇದೇ: ಆ ಜಾಗದಲ್ಲಿ ನಿದ್ದೆಹೋಗಿದ್ದ ಮಗುವಿನ ಗಾಡಿಯಿತ್ತು, ಅದು ಮಡಚುವುದಿಲ್ಲ ಎಂದು ತಾಯಿ ಹೇಳಿದರು, ಪೌಲಿ ಮುಂದಿನ ಬಸ್ಸಿಗೆ ಕಾಯಬೇಕಾಯಿತು, ಲೀಡ್ಸ್‌ನಲ್ಲಿ ಹಿಡಿಯಬೇಕಿದ್ದ ರೈಲು ತಪ್ಪಿತು. ಅವರು ಬಸ್ ಸಂಸ್ಥೆಯ ಮೇಲೆ ದಾವೆ ಹೂಡಿದರು. 2017ರ ಜನವರಿ 18ರಂದು ಅಲ್ಲಿನ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅಲ್ಲಿಗೆ ವಿಷಯ ಮುಗಿಯಿತು.

ಸ್ಟಿಯರಿಂಗ್:
‘ಪರವಾಗಿ’ ಎಂದು ಬರೆಯುವ ಮುನ್ನ ತೀರ್ಪನ್ನು ಕೊನೆಯವರೆಗೂ ಓದಬೇಕಿತ್ತು. ಮೊದಲ ನ್ಯಾಯಾಲಯ ಪೌಲಿ ಅವರಿಗೆ 5,500 ಪೌಂಡ್ ಪರಿಹಾರ ಕೊಡಿಸಿತ್ತು, 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ರದ್ದುಮಾಡಿತು, ಸುಪ್ರೀಂ ಕೋರ್ಟ್ ಆ ಹಣವನ್ನು ಮರಳಿ ಕೊಡಿಸಲೇ ಇಲ್ಲ. ಚಾಲಕ ಇನ್ನಷ್ಟು ಒತ್ತಾಯ ಮಾಡಿದ್ದರೆ ಫಲ ಬೇರೆಯಾಗುವ ಸಂಭವವಿತ್ತೆಂದು ಮೊದಲ ನ್ಯಾಯಾಲಯ ನಿರ್ಣಯಿಸಿರಲಿಲ್ಲ ಎಂಬುದೇ ಕಾರಣ. ವರ್ಷಗಟ್ಟಲೆ ಬಸ್ಸು ಓಡಿಸಿದವನಾಗಿ ಕೇಳುತ್ತೇನೆ: ಕೈಗೆ ಬಿಡಿಗಾಸೂ ಬಾರದ ಗೆಲುವು ಎಂಥ ಗೆಲುವು?

ವಾದಪ್ರಿಯ:
‘ಬಿಡಿಗಾಸು’ ಎಣಿಸಲು ಯಾರೂ ಸುಪ್ರೀಂ ಕೋರ್ಟಿನವರೆಗೆ ಹೋಗುವುದಿಲ್ಲ. ಅಲ್ಲಿ ವಿಚಾರಣೆಗೆ ಒಳಗಾದದ್ದು ಸಂಸ್ಥೆಯ ನೀತಿ. ಚಾಲಕ ಒಮ್ಮೆ ವಿನಂತಿಸಿ ಸುಮ್ಮನಾದರೆ ಸಾಲದು. ನಿರಾಕರಣೆಗೆ ಸರಿಯಾದ ಕಾರಣವಿಲ್ಲವೆಂದು ಕಂಡರೆ ವಿನಂತಿಯನ್ನು ‘ಬಿಡಲೇಬೇಕು’ ಎಂಬ ಮಾತಾಗಿ ಬದಲಿಸುವುದು, ಬೇಕಾದರೆ ಕೆಲವು ನಿಮಿಷ ಬಸ್ಸನ್ನು ಮುಂದಕ್ಕೆ ಬಿಡದಿರುವುದು ಮುಂತಾದ ಕ್ರಮಗಳನ್ನು ಯೋಚಿಸಬೇಕು ಎಂಬುದಕ್ಕೆ ಏಳೂ ನ್ಯಾಯಮೂರ್ತಿಗಳ ಒಪ್ಪಿಗೆಯಿತ್ತು.

ಸ್ಟಿಯರಿಂಗ್:
‘ಏಳೂ’ ಎಂದಿರಿ. ಪರಿಹಾರದ ವಿಷಯದಲ್ಲಿ ನಾಲ್ವರು ಒಂದು ಕಡೆ, ಮೂವರು ಇನ್ನೊಂದು ಕಡೆ. ನಾಲ್ಕು ಮತ್ತು ಮೂರು ಕೂಡಿದರೆ ಏಳಾಗುತ್ತದೆ ಎಂಬ ಲೆಕ್ಕವನ್ನು ಮಾತ್ರ ನಾನು ಒಪ್ಪಬಲ್ಲೆ.

ವಾದಪ್ರಿಯ:
ಆ ಮೂವರಲ್ಲಿ ಒಬ್ಬರಾದ ಲೇಡಿ ಹೇಲ್ ಅದೇ ವರ್ಷ ಆ ನ್ಯಾಯಾಲಯದ ಅಧ್ಯಕ್ಷರಾದರು ಎಂಬುದನ್ನು ತಾವು ಜಾಣತನದಿಂದ ಬಿಟ್ಟಿದ್ದೀರಿ.

ಸ್ಟಿಯರಿಂಗ್:
ಅಧ್ಯಕ್ಷರಾದದ್ದು ಆಮೇಲೆ. ತೀರ್ಪಿನ ದಿನ ಅಲ್ಪಮತ ಅಲ್ಪಮತವೇ. ಸೋತವರಿಗೆ ಮುಂದೆ ಬಡ್ತಿ ಸಿಕ್ಕಿತೆಂದು ಹಿಂದಿನ ಎಣಿಕೆ ತಿರುಗುತ್ತದೆಯೇ?

ನೇರನುಡಿ:
ನಾನು ಕೇಳಿದ್ದು ಹಕ್ಕಿನ ಪ್ರಶ್ನೆ. ನೀವಿಬ್ಬರೂ ಪಂದ್ಯದ ಅಂಕ ಬರೆದುಕೊಳ್ಳುತ್ತಿದ್ದೀರಿ. ಸ್ಟಿಯರಿಂಗ್ ಅವರೇ, ‘ಕೆಲವು ನಿಮಿಷ ಬಸ್ಸನ್ನು ಮುಂದಕ್ಕೆ ಬಿಡದಿರುವುದು’ ಎಂಬ ಮಾತಿಗೆ ನಿಮ್ಮ ಉತ್ತರವೇನು?

ಸ್ಟಿಯರಿಂಗ್:
ನಿಲ್ಲಿಸಿದೆವು ಎಂದಿಟ್ಟುಕೊಳ್ಳಿ. ಹಿಂದಿನಿಂದ ಬೈಗುಳ ಕೇಳುವವನು ಚಾಲಕ, ಸಮಯಪಾಲನೆ ತಪ್ಪಿತೆಂದು ಮೇಲಧಿಕಾರಿಯ ಮುಂದೆ ನಿಲ್ಲುವವನೂ ಚಾಲಕ. ಅಮೆರಿಕದಲ್ಲಿ ಅಂಗವಿಕಲರ ಹಕ್ಕಿಗಾಗಿ 1990ರಿಂದಲೇ ಪ್ರತ್ಯೇಕ ಕಾನೂನು ಇದೆ. ಅದರಡಿಯ ಸಾರಿಗೆ ನಿಯಮಗಳು ಸಹ ಜಾಗ ಬಿಡುವಂತೆ ಸಿಬ್ಬಂದಿ ಕೇಳಲೇಬೇಕು ಎನ್ನುತ್ತವೆಯೇ ಹೊರತು, ಬಲವಂತವಾಗಿ ಬಿಡಿಸಬೇಕು ಎನ್ನುವುದಿಲ್ಲ.

ವಾದಪ್ರಿಯ:
ಬ್ರಿಟನ್ನಿನ ತೀರ್ಪು ಕೈಕೊಟ್ಟಿತೆಂದು ಈಗ ಅಮೆರಿಕಕ್ಕೆ ಹಾರಿದಿರಿ. ‘ಕೇಳಲೇಬೇಕು’ ಎಂಬುದನ್ನು ನೀವೇ ಬರೆದಿದ್ದೀರಿ, ಅಷ್ಟು ಸಾಕು.

ಅವಳಿ ತಾಯಿ:
‘ಸರಿಯಾದ ಕಾರಣವಿಲ್ಲವೆಂದು ಕಂಡರೆ’ ಎಂಬ ವಾದಪ್ರಿಯರ ಮಾತನ್ನು ಯಾರೂ ಗಮನಿಸಲಿಲ್ಲ. ಅಂದರೆ ಕಾರಣ ಸರಿಯಾಗಿದ್ದರೆ ಕದಲಬೇಕಾಗಿಲ್ಲ, ಎಲ್ಲ ಸಂದರ್ಭದಲ್ಲೂ ಎದ್ದುಹೋಗಲೇಬೇಕೆಂಬ ನಿಯಮವನ್ನು ಆ ನ್ಯಾಯಾಲಯವೂ ಹಾಕಲಿಲ್ಲ ಎಂದಾಯಿತು. ನನಗೆ ಬೇಕಿದ್ದದ್ದು ಇಷ್ಟೇ.

ನೇರನುಡಿ:
ಸರಿಯಾದ ಕಾರಣವೋ ಅಲ್ಲವೋ ಎಂದು ತೀರ್ಮಾನಿಸುವವರು ನೀವಲ್ಲ. ಮಡಚಲಾಗದ ಗಾಡಿಯನ್ನು ಅಂಗಡಿಯಲ್ಲಿ ಆರಿಸಿಕೊಂಡವರು ನೀವು. ಈ ಕುರ್ಚಿಯನ್ನು ನಾನು ಯಾವ ಅಂಗಡಿಯಲ್ಲೂ ಬಣ್ಣ ನೋಡಿ ಆರಿಸಿಕೊಂಡದ್ದಲ್ಲ.

ಅವಳಿ ತಾಯಿ:
ಮಡಚಲಾಗುವುದಿಲ್ಲ ಎಂದು ನಾನು ಎಲ್ಲಿಯೂ ಹೇಳಿಲ್ಲ. ಕೈ ಸಾಲದು ಎಂದೆ. ಹಾಗೂ ‘ಬಣ್ಣ ನೋಡಿ’ ಎಂಬ ಮಾತು ಅನಗತ್ಯವಾಗಿತ್ತು. ಅವಳಿಗಳನ್ನೂ ಯಾರೂ ಆರಿಸಿಕೊಂಡು ಹೆರುವುದಿಲ್ಲ.

ಅಳತೆಗೋಲು:
ಎಲ್ಲರೂ ಜಾಗ ಯಾರದು ಎಂದು ಕೇಳುತ್ತಿದ್ದೀರಿ, ಜಾಗ ಎಷ್ಟು ಎಂದು ಯಾರೂ ಕೇಳಲಿಲ್ಲ. ಬ್ರಿಟನ್ನಿನಲ್ಲಿ 2000ದಲ್ಲಿ ಬಂದ ನಿಯಮಗಳ ಪ್ರಕಾರ ಗಾಲಿಕುರ್ಚಿಯ ಜಾಗ ಕನಿಷ್ಠ 1300 ಮಿಲಿಮೀಟರ್ ಉದ್ದ, 750 ಮಿಲಿಮೀಟರ್ ಅಗಲ ಇರಬೇಕು. ಅಂಥದ್ದು ಬಸ್ಸಿಗೆ ಒಂದೇ ಒಂದು ಇದ್ದರೆ ಜಗಳ ಆಗದೆ ಇನ್ನೇನಾಗುತ್ತದೆ? ಮೇಲಕ್ಕೆ ಮಡಚಿಕೊಳ್ಳುವ ಆಸನಗಳನ್ನು ಎದುರು ಬದಿಯಲ್ಲೂ ಹಾಕಿದರೆ ಸ್ಟ್ರೋಲರ್‌ಗೆ ಬೇರೆ ಜಾಗವಾಗುತ್ತದೆ. ಚಾಲಕರು ಪೊಲೀಸರಾಗಬೇಕಾಗಿಯೂ ಇಲ್ಲ.

ನೇರನುಡಿ:
‘ಬೇರೆ ಜಾಗ’ ಮಾಡಿಕೊಟ್ಟ ದಿನ ಅಲ್ಲೊಂದು, ಇಲ್ಲೊಂದು ಸ್ಟ್ರೋಲರ್ ನಿಂತಿರುತ್ತದೆ, ನಾನು ಎಂದಿನಂತೆ ನಿಲ್ದಾಣದಲ್ಲಿರುತ್ತೇನೆ. ಬಿಡಲೇಬೇಕೆಂಬ ನಿಯಮವಿಲ್ಲದೆ ಜಾಗ ಎಷ್ಟು ಹೆಚ್ಚಿಸಿದರೂ ಅಷ್ಟೇ.

ಸ್ಟಿಯರಿಂಗ್:
‘ಚಾಲಕರು ಪೊಲೀಸರಾಗಬೇಕಾಗಿಯೂ ಇಲ್ಲ’ ಎಂದ ಅಳತೆಗೋಲು ಅವರಿಗೆ ವಂದನೆಗಳು. ಇಷ್ಟು ಹೊತ್ತಿನಿಂದ ನಾನು ಹೇಳುತ್ತಿರುವುದೂ ಅದನ್ನೇ.

ಅಳತೆಗೋಲು:
ನೀವು ಹೇಳುತ್ತಿದ್ದದ್ದು ಅದಲ್ಲ. ಮೇಲೆ ಹೋಗಿ ಓದಿಕೊಳ್ಳಿ.

ವಾದಪ್ರಿಯ:
ಓದುವ ಅಭ್ಯಾಸ ಅವರಿಗಿದ್ದಿದ್ದರೆ ಈ ಚರ್ಚೆ ನನ್ನ ಮೊದಲ ಉತ್ತರಕ್ಕೇ ನಿಲ್ಲುತ್ತಿತ್ತು. ಸಂಸ್ಥೆಯ ನೀತಿ ತಪ್ಪೆಂದು ನ್ಯಾಯಾಲಯ ಹೇಳಿದ ಮೇಲೆ ಗೆದ್ದವರು ಯಾರೆಂಬುದರಲ್ಲಿ ಸಂಶಯವೇ ಉಳಿಯುವುದಿಲ್ಲ.

ಸ್ಟಿಯರಿಂಗ್:
ಸಂಶಯವಿಲ್ಲವಾದರೆ ಆ 5,500 ಪೌಂಡ್ ಎಲ್ಲಿಗೆ ಹೋಯಿತು ಎಂಬುದನ್ನು ಹೇಳಿ. ಮೂರನೆಯ ಬಾರಿ ಕೇಳುತ್ತಿದ್ದೇನೆ.

ವಾದಪ್ರಿಯ:
ಎರಡನೆಯ ಬಾರಿ.