ಸೆಕೆಯೂ ತೇವವೂ ಇರುವಲ್ಲಿ ಬಂದೂಕು, ತೋಟಾಗಳನ್ನು ಕಾಪಿಡುವುದು ಹೇಗೆ?

ಪ್ರಶ್ನೆ: ಜೋಡುನಳಿಗೆ

ತಂದೆಯವರ ಕಾಲಾನಂತರ ಪರವಾನಗಿ ನನ್ನ ಹೆಸರಿಗೆ ಬಂದು, ಒಂದು ಜೋಡುನಳಿಗೆ ಬಂದೂಕು ಮತ್ತು ಒಂದು .22 ರೈಫಲ್ ಈಗ ನನ್ನ ಜವಾಬ್ದಾರಿಯಲ್ಲಿವೆ. ನಾನಿರುವ ಕಡೆ ವರ್ಷದ ಬಹುಪಾಲು ಸೆಕೆ. ಮಳೆ ಹಿಡಿಯಿತೆಂದರೆ ಗೋಡೆಯೇ ಬೆವರುತ್ತದೆ. ಎರಡನ್ನೂ ಬೀಗವಿರುವ ಉಕ್ಕಿನ ಬೀರುವಿನಲ್ಲಿ ಇಟ್ಟಿದ್ದೇನೆ. ಬೀರು ಹೊರಗೋಡೆಗೆ ಒತ್ತಿಕೊಂಡು, ನೇರವಾಗಿ ಸಿಮೆಂಟ್ ನೆಲದ ಮೇಲೆ ನಿಂತಿದೆ. ಜೋಡುನಳಿಗೆ ತಂದೆಯವರು ಹೊಲಿಸಿದ್ದ ಚರ್ಮದ ಚೀಲದಲ್ಲಿಯೇ ಇದೆ. ತೋಟಾಗಳು ಅದೇ ಬೀರುವಿನ ಮೇಲಿನ ಅಂಕಣದಲ್ಲಿದ್ದು, ಕೆಲವು ಇನ್ನೂ ಚರ್ಮದ ಪಟ್ಟಿಯ ಕುಣಿಕೆಗಳಲ್ಲಿವೆ.

ತಿಂಗಳಿಗೊಮ್ಮೆ ತಪ್ಪದೆ ಎಣ್ಣೆ ಹಚ್ಚುತ್ತೇನೆ. ಆದರೂ ಈ ಸಲ ತೆಗೆದು ನೋಡಿದಾಗ ನಳಿಗೆಯ ಮೇಲೆ ಬೆರಳಚ್ಚಿನ ಆಕಾರದಲ್ಲಿಯೇ ಕೆಂಪು ತುಕ್ಕು ಮೂಡಿತ್ತು, ಮರದ ಹಿಡಿಯ ಮೇಲೆ ಬೂಷ್ಟು ಕಟ್ಟಿತ್ತು, ಪಟ್ಟಿಯಲ್ಲಿದ್ದ ತೋಟಾಗಳ ಹಿತ್ತಾಳೆಗೆ ಕಿಲುಬು ಹಿಡಿದಿತ್ತು. ಎಣ್ಣೆಯನ್ನು ಇನ್ನೂ ದಪ್ಪವಾಗಿ ಹಚ್ಚಬೇಕೆ? ಸ್ನೇಹಿತರೊಬ್ಬರು ಬೀರುವಿನೊಳಗೆ ಸದಾ ಉರಿಯುವ ಬಲ್ಬ್ ಒಂದನ್ನು ಇಡಲು ಹೇಳುತ್ತಾರೆ, ಅದು ಸರಿಯೆ? ಕಿಲುಬು ಹಿಡಿದ ತೋಟಾಗಳನ್ನು ಎಣ್ಣೆ ಬಟ್ಟೆಯಿಂದ ಒರೆಸಿ ಬಳಸಬಹುದೆ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1: ಹಳೇ ಗುರಿಗಾರ

ಮೊದಲಿಗೆ, ಪ್ರತಿ ಸಲ ಬೀರು ತೆರೆದಾಗಲೂ ಬಂದೂಕನ್ನು ಮಡಚಿ ಎರಡೂ ನಳಿಗೆಗಳು ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಳ್ಳಿ. ರೈಫಲ್ಲಿನ ಬೋಲ್ಟ್ (ನಳಿಗೆಯ ಹಿಂಬದಿಯನ್ನು ಮುಚ್ಚುವ ಅಗುಳಿಯಂಥ ಭಾಗ) ತೆರೆದು ಚೇಂಬರನ್ನೂ, ಅಂದರೆ ತೋಟಾ ಕೂರುವ ಜಾಗವನ್ನೂ, ಹಾಗೆಯೇ ನೋಡಿ. ನೀವು ಈಗಾಗಲೇ ಮಾಡುತ್ತಿರಬಹುದು, ಆದರೂ ಇದನ್ನು ಹೇಳದೆ ಮುಂದಿನದನ್ನು ಹೇಳುವ ಅಭ್ಯಾಸ ನನಗಿಲ್ಲ.

ನಿಮ್ಮ ತೊಂದರೆ ಎಣ್ಣೆಯ ಕೊರತೆಯದಲ್ಲ, ಬೀರುವಿನೊಳಗಿನ ಗಾಳಿಯದು. ಗಾಳಿಯ ಸಾಪೇಕ್ಷ ಆರ್ದ್ರತೆ (ಆ ಉಷ್ಣಾಂಶದಲ್ಲಿ ಗಾಳಿ ಹಿಡಿಯಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಇದೆಯೆಂಬ ಲೆಕ್ಕ) ಸುಮಾರು ಶೇ. 60 ದಾಟಿದ ಮೇಲೆ ಉಕ್ಕಿಗೆ ತುಕ್ಕು ಹಿಡಿಯುವ ವೇಗ ಬಹಳ ಹೆಚ್ಚುತ್ತದೆ, ಬೂಷ್ಟಿಗೂ ಅಲ್ಲಿಂದಲೇ ಹಬ್ಬ. ಬೆರಳಚ್ಚಿನ ಆಕಾರದ ತುಕ್ಕಿಗೆ ಕಾರಣ ಬೆವರಿನ ಉಪ್ಪು: ಅದು ಗಾಳಿಯ ತೇವವನ್ನು ತಾನೇ ಸೆಳೆದುಕೊಂಡು ಉಕ್ಕಿನ ಮೇಲೆ ಹಿಡಿದಿಡುತ್ತದೆ. ಆದ್ದರಿಂದ ಮುಟ್ಟಿದ ನಂತರ ಒರೆಸದೆ ಒಳಗಿಟ್ಟ ಒಂದೇ ಸಂಜೆ, ತಿಂಗಳಿಗೊಮ್ಮೆ ಹಚ್ಚುವ ಎಣ್ಣೆಯ ಲೆಕ್ಕವನ್ನೆಲ್ಲ ಕೆಡಿಸಬಲ್ಲದು. ನಳಿಗೆಯ ನೀಲಿಗಪ್ಪು ಲೇಪವೂ ಕಬ್ಬಿಣದ ಒಂದು ಆಕ್ಸೈಡೇ. ಅದು ಎಣ್ಣೆಯನ್ನು ಹಿಡಿದುಕೊಳ್ಳಲು ನೆರವಾಗುತ್ತದೆಯೇ ಹೊರತು ತಾನೊಂದೇ ತುಕ್ಕನ್ನು ತಡೆಯಲಾರದು. ಸ್ಟೇನ್‌ಲೆಸ್ ಉಕ್ಕಿನ ಬಂದೂಕು ಇರುವವರೂ ನಿಶ್ಚಿಂತೆಯಿಂದ ಇರಬೇಕಾಗಿಲ್ಲ. ಉಪ್ಪು ಸೇರಿದರೆ ಅದರಲ್ಲೂ ಚುಕ್ಕೆ ಚುಕ್ಕೆಯಾಗಿ ಗುಳಿ ಬೀಳುತ್ತದೆ.

ಚರ್ಮದ ಚೀಲವನ್ನು ಇಂದೇ ಬೇರೆ ಮಾಡಿ. ತಂದೆಯವರ ನೆನಪಿನ ವಸ್ತು ಎಂಬುದು ನನಗೆ ಅರ್ಥವಾಗುತ್ತದೆ, ಗೋಡೆಗೆ ತೂಗುಹಾಕಿ ಇಟ್ಟುಕೊಳ್ಳಿ. ಆದರೆ ಬಂದೂಕನ್ನು ಅದರೊಳಗೆ ತಿಂಗಳುಗಟ್ಟಲೆ ಮಲಗಿಸಬೇಡಿ. ಚರ್ಮ ತೇವವನ್ನು ಹೀರಿ ಹಿಡಿದಿಡುತ್ತದೆ, ಹದಮಾಡುವಾಗ ಸೇರಿದ ಆಮ್ಲ ಮತ್ತು ಲವಣಗಳು ಅದರಲ್ಲಿ ಉಳಿದಿರುತ್ತವೆ. ತೋಟಾಗಳ ಕಿಲುಬಿಗೂ ಆ ಚರ್ಮದ ಕುಣಿಕೆಗಳೇ ಕಾರಣ. ಒಳಗೆ ಸ್ಪಂಜು ಹಾಸಿದ ಪೆಟ್ಟಿಗೆಗಳದ್ದೂ ಇದೇ ಕಥೆ: ಸಾಗಣೆಗೆ ಅವು ಒಳ್ಳೆಯವು, ಸಂಗ್ರಹಕ್ಕೆ ಅಲ್ಲ.

ಬೀರುವನ್ನು ಹೊರಗೋಡೆಯಿಂದ ಒಳಗೋಡೆಗೆ ಸರಿಸಿ, ಕೆಳಗೆ ಮರದ ಅಥವಾ ರಬ್ಬರಿನ ತುಂಡುಗಳನ್ನು ಕೊಟ್ಟು ನೆಲದಿಂದ ಎರಡು ಮೂರು ಅಂಗುಲ ಎತ್ತರಿಸಿ. ಎತ್ತರಿಸಿದ ಬೀರು ವಾಲದಂತೆ ಗೋಡೆಗೆ ಬೋಲ್ಟ್ ಹಾಕಿಸಬೇಕು. ಕಳ್ಳತನದ ದೃಷ್ಟಿಯಿಂದಲೂ ಅದು ಬೇಕಾದದ್ದೇ.

ಎಣ್ಣೆಯ ವಿಷಯ. ದಪ್ಪವಾಗಿ ಸುರಿದ ಎಣ್ಣೆ ಕೆಳಗೆ ಇಳಿಯುತ್ತದೆ. ಬಂದೂಕನ್ನು ನಳಿಗೆ ಮೇಲಾಗಿ ನಿಲ್ಲಿಸಿದರೆ ಅದು ಯಂತ್ರಭಾಗವನ್ನು ದಾಟಿ ಮರದ ಹಿಡಿಯ ತಲೆಗೆ ಇಳಿದು, ವರ್ಷಗಳಲ್ಲಿ ಮರವನ್ನು ಕಪ್ಪಾಗಿಸಿ ಮೆತ್ತಗೆ ಮಾಡುತ್ತದೆ. ಹಳೆಯ ಜೋಡುನಳಿಗೆಗಳಲ್ಲಿ ಅಲ್ಲಿಯೇ ಬಿರುಕು ಬಿಡುವುದನ್ನು ನೋಡಿದ್ದೇನೆ. ತೆಳುವಾದ, ಒಂದೇ ಸಮನಾದ ಪದರ ಸಾಕು, ಎಣ್ಣೆ ಹಚ್ಚಿದ ಮೊದಲ ಕೆಲವು ದಿನಗಳಾದರೂ ನಳಿಗೆಯ ಬಾಯಿ ಕೆಳಗಿರಲಿ. ಡಬ್ಲ್ಯೂಡಿ-40 ನೀರನ್ನು ಓಡಿಸಲು ರೂಪಿಸಿದ ದ್ರವ. ನೆನೆದು ಬಂದ ದಿನ ಅದು ಉಪಕಾರಿ, ಆದರೆ ದೀರ್ಘಕಾಲದ ರಕ್ಷಣೆಗೆ ಆ ಪದರ ತೀರಾ ತೆಳು. ತಿಂಗಳುಗಟ್ಟಲೆ ಮುಟ್ಟದೆ ಇಡುವ ಬಂದೂಕಿನ ಹೊರಮೈಗೆ ಮೈಕ್ರೋಕ್ರಿಸ್ಟಲೈನ್ ಮೇಣವನ್ನು ತಿಕ್ಕುವುದು ನನ್ನ ಮೆಚ್ಚಿನ ಉಪಾಯ. ಮೇಣ ಇಳಿದುಹೋಗುವುದಿಲ್ಲ, ಮರಕ್ಕೂ ಆಗುತ್ತದೆ.

ಉತ್ತರ 2: ಒಣಗಾಳಿ

ಹಳೇ ಗುರಿಗಾರರು ಹೇಳಿದ್ದಕ್ಕೆ ನನ್ನ ಒಪ್ಪಿಗೆ ಇದೆ. ಗಾಳಿಯನ್ನು ಒಣಗಿಸುವುದು ಹೇಗೆ ಎಂಬುದನ್ನು ಮಾತ್ರ ನಾನು ಸ್ವಲ್ಪ ಲೆಕ್ಕದೊಂದಿಗೆ ಹೇಳುತ್ತೇನೆ.

30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲದು. ಶೇ. 80ರ ಆರ್ದ್ರತೆಯಲ್ಲಿ ಅದರಲ್ಲಿ 24 ಗ್ರಾಂ ಇರುತ್ತದೆ, ನಮಗೆ ಬೇಕಾದ ಶೇ. 50ಕ್ಕೆ ಇಳಿಸಲು ತೆಗೆಯಬೇಕಾದದ್ದು ಬರೇ 9 ಗ್ರಾಂ. ತೇವ ಹೀರುವ ಹರಳುಗಳಾದ ಸಿಲಿಕಾ ಜೆಲ್ ಇಂಥ ಆರ್ದ್ರತೆಯಲ್ಲಿ ತನ್ನ ತೂಕದ ಸುಮಾರು ಕಾಲುಭಾಗದಷ್ಟು ನೀರನ್ನು ಹೀರುವುದರಿಂದ, ಕಾಗದದ ಮೇಲೆ ಒಂದು ಸಣ್ಣ ಪೊಟ್ಟಣವೇ ಸಾಕು. ಹಾಗಿದ್ದೂ ಅರ್ಧ ಕಿಲೋ ಇಟ್ಟವರಿಗೂ ವಾರದಲ್ಲಿ ಅದು ಸೋತುಹೋಗುವುದೇಕೆಂದರೆ, ಬಾಗಿಲಿನ ಸಂದಿನಿಂದ ಹೊರಗಿನ ಗಾಳಿ ಒಳಬರುತ್ತಲೇ ಇರುತ್ತದೆ, ಒಳಗಿರುವ ಮರ, ಬಟ್ಟೆ, ರಟ್ಟು ತಾವು ಕುಡಿದ ತೇವವನ್ನು ನಿಧಾನವಾಗಿ ಬಿಡುತ್ತಿರುತ್ತವೆ. ಹಾಗಾಗಿ ಜೆಲ್ ಕೊಳ್ಳುವ ಮೊದಲು ಬಾಗಿಲಿನ ಸುತ್ತ ರಬ್ಬರ್ ಪಟ್ಟಿ ಅಂಟಿಸಿ, ಕೇಬಲ್ ಹಾಯುವ ತೂತುಗಳನ್ನು ಮುಚ್ಚಿ, ಒಳಗಿನ ಬಟ್ಟೆ ರಟ್ಟುಗಳನ್ನೆಲ್ಲ ಹೊರಗೆ ಹಾಕಿ.

ಜೆಲ್‌ನಲ್ಲಿ ಬಣ್ಣ ಬದಲಾಗುವ ಬಗೆಯನ್ನು ಆರಿಸಿಕೊಳ್ಳಿ. ನೀಲಿಯಿಂದ ಗುಲಾಬಿಗೆ ತಿರುಗುವುದರಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಕಿತ್ತಳೆ ಬಣ್ಣದ್ದು ಮೇಲು. ಸೋತ ಜೆಲ್ಲನ್ನು 110ರಿಂದ 120 ಡಿಗ್ರಿಯ ಓವನ್ನಿನಲ್ಲಿ ಕೆಲವು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ. ಆದರೆ ಬಟ್ಟೆಯ ಬೀರುವಿಗೆಂದು ಮಾರುವ, ತೇವ ಹೀರಿ ಡಬ್ಬಿಯ ತಳದಲ್ಲಿ ನೀರು ತುಂಬಿಸುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿಗಳನ್ನು ಬಂದೂಕಿನ ಹತ್ತಿರವೂ ತರಬೇಡಿ. ಆ ನೀರು ನೀರಲ್ಲ, ಗಟ್ಟಿ ಉಪ್ಪುನೀರು. ಒಮ್ಮೆ ಉರುಳಿದರೆ ನೀವು ತಡೆಯಲು ಹೊರಟ ತುಕ್ಕನ್ನು ನೀವೇ ಸುರಿದಂತಾಗುತ್ತದೆ.

ಇನ್ನು ಬಲ್ಬ್. ಅದರ ಹಿಂದಿನ ವಿಚಾರ ತಪ್ಪಲ್ಲ. 28 ಡಿಗ್ರಿಯಲ್ಲಿ ಶೇ. 80 ಇರುವ ಗಾಳಿಯನ್ನು 32 ಡಿಗ್ರಿಗೆ ಬಿಸಿಮಾಡಿದರೆ, ಒಂದು ತೊಟ್ಟು ನೀರನ್ನೂ ತೆಗೆಯದೆ ಆರ್ದ್ರತೆ ಸುಮಾರು ಶೇ. 64ಕ್ಕೆ ಇಳಿಯುತ್ತದೆ. ಆದರೆ ಉರಿಯುವ ಬಲ್ಬ್ ಮುಟ್ಟಿದರೆ ಸುಡುವಷ್ಟು ಬಿಸಿಯಾಗುತ್ತದೆ, ಒಡೆಯಬಹುದು, ಬಟ್ಟೆ ತಾಗಿದರೆ ಬೆಂಕಿಯ ಭಯ. ಇದೇ ಕೆಲಸಕ್ಕೆಂದು ಮಾಡಿದ, ಮುಚ್ಚಿದ ಕೊಳವೆಯ ಕಡಿಮೆ ವ್ಯಾಟ್‌ನ ಹೀಟರ್ ಕಡ್ಡಿ ಸಿಗುತ್ತದೆ; ಅದನ್ನು ಬೀರುವಿನ ತಳದಲ್ಲಿ ಅಡ್ಡಲಾಗಿ ಕೂರಿಸಬೇಕು. ಗಮನಿಸಿ: ಜೆಲ್‌ಗೆ ಮುಚ್ಚಿದ ಬೀರು ಬೇಕು, ಕಡ್ಡಿಗೆ ಬಿಸಿಗಾಳಿ ಮೇಲಿನಿಂದ ಹೊರಹೋಗಲು ಸಣ್ಣ ಸಂದು ಬೇಕು. ಎರಡನ್ನೂ ಒಟ್ಟಿಗೆ ಹಾಕಿ ಎರಡೂ ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ದೂರುವವರೇ ಹೆಚ್ಚು. ವಿದ್ಯುತ್ ಕೈಕೊಡದ ಕಡೆ ನನ್ನ ಮತ ಕಡ್ಡಿಗೆ.

ಹವಾನಿಯಂತ್ರಿತ ಕೋಣೆಯಲ್ಲಿ ಬೀರು ಇಟ್ಟವರಿಗೆ ಒಂದು ಮಾತು: 22 ಡಿಗ್ರಿಯಲ್ಲಿ ತಣ್ಣಗಾದ ಬಂದೂಕನ್ನು 32 ಡಿಗ್ರಿ, ಶೇ. 75 ಆರ್ದ್ರತೆಯ ಹೊರಗಾಳಿಗೆ ತಂದರೆ ಆ ಗಾಳಿಯ ಇಬ್ಬನಿ ಬಿಂದು (ನೀರಾವಿ ಹನಿಗಟ್ಟತೊಡಗುವ ಉಷ್ಣಾಂಶ) ಸುಮಾರು 27 ಡಿಗ್ರಿ ಇರುವುದರಿಂದ, ತಣ್ಣೀರಿನ ಲೋಟದಂತೆ ಬಂದೂಕು ಒಳಗೂ ಹೊರಗೂ ಬೆವರುತ್ತದೆ. ಮುಚ್ಚಿದ ಚೀಲದಲ್ಲಿಯೇ ಹೊರತಂದು, ಬೆಚ್ಚಗಾಗುವವರೆಗೆ ತೆರೆಯದಿರುವುದೇ ಅದಕ್ಕೆ ಮದ್ದು.

ಉತ್ತರ 3: ಹಿತ್ತಾಳೆ ಚಿಪ್ಪು

ಮೇಲಿನವರು ಬಂದೂಕಿನ ಬಗ್ಗೆ ಹೇಳಿದ್ದೆಲ್ಲ ಸರಿ. ಆದರೆ ಆ ಹೀಟರ್ ಕಡ್ಡಿ ಇಡಲು ಹೇಳಿದ ಬೀರುವಿನಲ್ಲಿಯೇ ತೋಟಾಗಳೂ ಇವೆಯೆಂಬುದನ್ನು ಇಬ್ಬರೂ ಗಮನಿಸಿದಂತೆ ಕಾಣಲಿಲ್ಲ. ಬಂದೂಕಿಗೆ ಶತ್ರು ತೇವ. ಸ್ವಲ್ಪ ಬಿಸಿಯಾದರೂ ಅದಕ್ಕೆ ನಷ್ಟವಿಲ್ಲ. ತೋಟಾದೊಳಗಿನ ಮದ್ದಿಗೆ ಶತ್ರು ಬಿಸಿ. ಹೊಗೆರಹಿತ ಮದ್ದಿನ ಮೂಲವಸ್ತುವಾದ ನೈಟ್ರೊಸೆಲ್ಯುಲೋಸ್ ತಾನಾಗಿಯೇ ನಿಧಾನವಾಗಿ ವಿಘಟಿಸುತ್ತಾ ನೈಟ್ರೋಜನ್ ಆಕ್ಸೈಡುಗಳನ್ನು ಬಿಡುತ್ತದೆ, ಅವು ವಿಘಟನೆಯನ್ನು ಇನ್ನೂ ಚುರುಕುಗೊಳಿಸುತ್ತವೆ. ಅವನ್ನು ಹಿಡಿದಿಡಲೆಂದು ಡೈಫಿನೈಲಮೈನ್‌ನಂಥ ಸ್ಥಿರಕಾರಿಯನ್ನು ಸೇರಿಸಿರುತ್ತಾರೆ. ಅದು ಖರ್ಚಾಗುತ್ತಾ ಹೋಗುವ ವಸ್ತು, ಉಷ್ಣಾಂಶ ಏರಿದಂತೆ ಬೇಗ ಖರ್ಚಾಗುತ್ತದೆ. ಆದ್ದರಿಂದ ತೋಟಾಗಳಿಗೆ ಪ್ರತ್ಯೇಕ ಬೀಗದ ಪೆಟ್ಟಿಗೆ, ಮನೆಯ ಅತ್ಯಂತ ತಂಪಾದ ಒಳಕೋಣೆ. ಅಟ್ಟ ಬೇಡ, ಬಿಸಿಲಲ್ಲಿ ನಿಲ್ಲುವ ವಾಹನವಂತೂ ಬೇಡವೇ ಬೇಡ. ಬಂದೂಕಿನ ಬೀಗದ ಕೈ ಒಂದು ಕಡೆ, ತೋಟಾದ್ದು ಇನ್ನೊಂದು ಕಡೆ ಇದ್ದರೆ ಮಕ್ಕಳಿರುವ ಮನೆಯ ಸುರಕ್ಷತೆಯೂ ಇದರಿಂದಲೇ ಆಗುತ್ತದೆ.

ಆ ಪೆಟ್ಟಿಗೆಯೊಳಗೆ ರಬ್ಬರ್ ಅಂಚಿನ ಮುಚ್ಚಳವಿರುವ ಡಬ್ಬಿ ಇರಲಿ, ಜೊತೆಗೆ ಒಂದು ಜೆಲ್ ಪೊಟ್ಟಣ. ಗಾಳಿ ಒಣಗಿರುವ ದಿನ ನೋಡಿ ತುಂಬಿ ಮುಚ್ಚಬೇಕು. ಮಳೆ ಸುರಿಯುವ ಸಂಜೆ ಮುಚ್ಚಿದರೆ ಆ ಸಂಜೆಯ ತೇವವನ್ನೇ ಒಳಗೆ ಕೂಡಿಹಾಕಿದಂತೆ. ಡಬ್ಬಿಯ ಮೇಲೆ ಕೊಂಡ ತಿಂಗಳನ್ನು ಬರೆದು ಹಳೆಯದನ್ನು ಮೊದಲು ಬಳಸಿ.

ಎಣ್ಣೆ ಬಟ್ಟೆಯಿಂದ ಒರೆಸಬಹುದೆ ಎಂದು ಕೇಳಿದ್ದೀರಿ. ಕೂಡದು. ಸಂದಿನಲ್ಲಿ ನುಗ್ಗುವ ಎಣ್ಣೆ ಪ್ರೈಮರನ್ನು (ಹೊಡೆತಕ್ಕೆ ಕಿಡಿಯೆದ್ದು ಮದ್ದಿಗೆ ಬೆಂಕಿ ಹೊತ್ತಿಸುವ ಭಾಗ) ಮುಟ್ಟಿದರೆ ಅದು ಸಾಯಬಹುದು. .22 ತೋಟಾಗಳಲ್ಲಿ ಈ ಅಪಾಯ ಹೆಚ್ಚು, ಏಕೆಂದರೆ ಅವುಗಳ ಗುಂಡು ಮತ್ತು ಚಿಪ್ಪಿನ ನಡುವಣ ಬಿಗಿ ದೊಡ್ಡ ತೋಟಾಗಳಷ್ಟು ಭದ್ರವಲ್ಲ. ಒಣ ಬಟ್ಟೆಯಿಂದ ಒರೆಸಿ ನೋಡಿ: ಬರೀ ಕಂದು ಮಾಸಲು ಉಳಿದರೆ ಅದು ಮೇಲ್ಮೈಯದು. ಹಸಿರು ಕಿಲುಬು ಕೊರೆದು ಗುಳಿ ಬಿದ್ದಿದ್ದರೆ, ಬಿರುಕಿದ್ದರೆ, ರಟ್ಟಿನ ಹಳೆಯ ತೋಟಾ ಉಬ್ಬಿದ್ದರೆ, ಹುಳಿಯಾದ ಘಾಟು ವಾಸನೆ ಅಥವಾ ಕೆಂಗಂದು ಪುಡಿ ಕಂಡರೆ ಬಳಸಬೇಡಿ. ಕಸಕ್ಕೆ ಹಾಕುವುದೂ ಸುಡುವುದೂ ಹೂಳುವುದೂ ತಪ್ಪು. ಪೊಲೀಸರಿಗೆ ಅಥವಾ ಪರವಾನಗಿ ಪಡೆದ ವ್ಯಾಪಾರಿಗೆ ತಿಳಿಸಿ ಒಪ್ಪಿಸಿ.

ಹಳೆಯ ತೋಟಾ ಬಳಸುವಾಗ ಬಂದೂಕಿನ ಕುದುರೆ (ಟ್ರಿಗರ್) ಎಳೆದರೂ ಹಾರದಿದ್ದರೆ, ಬಾಯಿಯನ್ನು ಸುರಕ್ಷಿತ ದಿಕ್ಕಿಗೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ಸದ್ದು ಕುಂದಿ, ಪುಸ್ಸೆಂದರೆ ಅದು ಇನ್ನೂ ಅಪಾಯಕರ: ಗುಂಡು ನಳಿಗೆಯಲ್ಲಿಯೇ ಸಿಕ್ಕಿಕೊಂಡಿರಬಹುದು, ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಸಿಡಿಯಬಹುದು.

ಕಿಲುಬು ಇಲ್ಲದೆಯೂ ಹಿತ್ತಾಳೆ ಬಿರಿಯಬಲ್ಲದು ಎಂಬುದಕ್ಕೆ ಹಳೆಯದೊಂದು ಪ್ರಸಂಗವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು, ಮಳೆ ನಿಂತ ಮೇಲೆ ನೋಡಿದರೆ ಚಿಪ್ಪುಗಳು ಬಿರಿದಿರುತ್ತಿದ್ದವು. ಕುದುರೆ ಮೂತ್ರದಿಂದ ಏಳುವ ಅಮೋನಿಯ ಮತ್ತು ತಯಾರಿಕೆಯಲ್ಲಿ ಹಿತ್ತಾಳೆಯೊಳಗೆ ಉಳಿದ ಬಿಗಿತ ಸೇರಿ ಹೀಗಾಗುತ್ತದೆಂದು ವಿವರಣೆ ಸಿಕ್ಕಿದ್ದು 1921ರಲ್ಲಿ. ಈಗ ಲಾಯವಿಲ್ಲದಿದ್ದರೂ ಅಮೋನಿಯ ಇರುವ ಗಾಜು ತೊಳೆಯುವ ದ್ರವ ಮತ್ತು ನಳಿಗೆಯ ತಾಮ್ರ ಬಿಡಿಸುವ ಕೆಲವು ದ್ರಾವಣಗಳು ಇವೆ. ಅವನ್ನು ತೋಟಾದ ಜೊತೆ ಒಂದೇ ಅಂಕಣದಲ್ಲಿ ಇಡಬೇಡಿ.

ಮರುಪ್ರಶ್ನೆ: ಜೋಡುನಳಿಗೆ

ಎಲ್ಲರಿಗೂ ಕೃತಜ್ಞತೆಗಳು. ಬೀರು ಸರಿಸಿದ್ದೇನೆ, ತೋಟಾಗಳಿಗೆ ಬೇರೆ ಪೆಟ್ಟಿಗೆ ಬಂದಿದೆ, ಕಿಲುಬು ಕೊರೆದಿದ್ದ ಒಂಬತ್ತನ್ನು ಒಪ್ಪಿಸಿದ್ದಾಯಿತು. ಬೀರುವಿನೊಳಗೆ ಆರ್ದ್ರತೆ ಅಳೆಯುವ ಹೈಗ್ರೋಮೀಟರ್ ಇಟ್ಟಿದ್ದೇನೆ, ಅದು ಶೇ. 52 ತೋರಿಸುತ್ತಿದೆ. ಇದನ್ನು ನಂಬಬಹುದೆ? ಇನ್ನೂ ಒಣಗಿಸಬೇಕೆ?

ಉತ್ತರ 4: ಹಳೇ ಗುರಿಗಾರ

ತೋಟಾ ಅದೇ ಬೀರುವಿನಲ್ಲಿದ್ದದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಹಿತ್ತಾಳೆ ಚಿಪ್ಪು ಅವರ ಮಾತೇ ಸರಿ.

ಹೈಗ್ರೋಮೀಟರನ್ನು ನೀವೇ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳವೊಂದರಲ್ಲಿ ಅಡುಗೆ ಉಪ್ಪು ಹಾಕಿ, ಕರಗಿಹೋಗದಂತೆ ಕೆಸರಾಗುವಷ್ಟು ಮಾತ್ರ ನೀರು ಬೆರೆಸಿ, ಹೈಗ್ರೋಮೀಟರಿನ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಎಂಟು ಹತ್ತು ಗಂಟೆ ಮುಚ್ಚಿಡಿ. ಒಳಗಿನ ಆರ್ದ್ರತೆ ಶೇ. 75ಕ್ಕೆ ಬಂದು ನಿಲ್ಲುತ್ತದೆ. ನಿಮ್ಮದು 71 ತೋರಿಸಿದರೆ ಯಾವಾಗಲೂ ನಾಲ್ಕು ಸೇರಿಸಿ ಓದಿ. ಉಪ್ಪಿನ ಈ ಕೆಲಸ ಊಟದ ಮೇಜಿನ ಮೇಲೆ ನಡೆಯಲಿ, ಬೀರುವಿನೊಳಗೆ ಅಲ್ಲ.

ಶೇ. 45ರಿಂದ 55ರ ನಡುವೆ ಇದ್ದರೆ ಅಲ್ಲಿಗೇ ಬಿಡಿ. 40ಕ್ಕಿಂತ ಕೆಳಗೆ ಬಹುಕಾಲ ಇಟ್ಟರೆ ಮರ ಕುಗ್ಗಿ ಉಕ್ಕಿನಿಂದ ಬಿಟ್ಟುಕೊಳ್ಳುತ್ತದೆ. ಮಳೆಗಾಲ ಮುಗಿಯುವವರೆಗೆ ವಾರಕ್ಕೊಮ್ಮೆ ಬಾಗಿಲು ತೆರೆದು ನೋಡುವ ಅಭ್ಯಾಸವಿರಲಿ, ಮುಟ್ಟಿದ ಜಾಗವನ್ನೆಲ್ಲ ಎಣ್ಣೆ ಬಟ್ಟೆಯಿಂದ ಒರೆಸಿಯೇ ಮುಚ್ಚಿ. ನಳಿಗೆಯ ಒಳಮೈಗೆ ಹಚ್ಚಿದ ಎಣ್ಣೆ ಅಥವಾ ಗ್ರೀಸನ್ನು ಹಾರಿಸುವ ಮೊದಲು ಒಣ ಬಟ್ಟೆ ಹಾಯಿಸಿ ಪೂರ್ತಿ ತೆಗೆಯಬೇಕು. ಮರೆಯದಿರಲೆಂದು ನಾನು ಟ್ರಿಗರಿನ ಸುತ್ತಲಿನ ಕಾಪುಪಟ್ಟಿಗೆ ಒಂದು ಕೆಂಪು ದಾರ ಕಟ್ಟಿಡುತ್ತೇನೆ, ನಳಿಗೆ ಒರೆಸಿದ ಮೇಲೆಯೇ ಅದನ್ನು ಬಿಚ್ಚುತ್ತೇನೆ.