ಅಪ್‌ಡೇಟ್: ಸೈಕಲ್ ಮೇಲೆ ಕಲಾವಿದರ ಸ್ಟುಡಿಯೋ ಸುತ್ತಾಟ

ಹುಬ್ಬಳ್ಳಿ-ಧಾರವಾಡದ ಸ್ಟುಡಿಯೋಗಳನ್ನು ಸೈಕಲ್ ಮೇಲೆ ಒಂದೇ ದಿನದಲ್ಲಿ ನೋಡೋದು ಹೇಗೆ ಅಂತ ಕೇಳಿದ್ದೆ ಅಲ್ವಾ, ಆಯ್ತು! ಧಾರವಾಡದಿಂದ ಶುರು ಮಾಡಿ ಅಂದವರಿಗೆ ಥ್ಯಾಂಕ್ಸ್. ಅದು ಎತ್ತರದಲ್ಲಿದೆ, ಹುಬ್ಬಳ್ಳಿ ಕಡೆಗೆ ಇಳಿಜಾರೇ ಜಾಸ್ತಿ. ಸುಮ್ನೆ ಹೋಗಿ ಬಾಗಿಲು ತಟ್ಟಿ ಅನ್ನೋ ಸಲಹೆ ನಡೆಯಲಿಲ್ಲ. ಮಧ್ಯಾಹ್ನ ಎಲ್ಲರದೂ ಊಟ, ನಿದ್ದೆ. ಮೊದಲೇ ಫೋನ್ ಮಾಡಿದ ಕಡೆ ಚಹಾನೂ ಸಿಕ್ಕಿತು.

ಪೇಂಟಿಂಗ್ ನೋಡೋಕೆ ಹೋದ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಸೂತಿ. ಗವಂತಿ ಅನ್ನೋ ಕಸೂತಿ ಹೊಲಿಗೆ ಹಾಕುತ್ತಿದ್ದ ಅಕ್ಕಾವರು ಬಟ್ಟೆ ಮೇಲೆ ಗೆರೆಯನ್ನೇ ಎಳೆದಿರಲಿಲ್ಲ. ಎಳೆ ಎಣಿಸಿಯೇ ಗೋಪುರ ಮೂಡಿಸುತ್ತಿದ್ದರು. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬೋದು. ದಾರಕ್ಕೆ ಗಂಟು ಹಾಕೋದೇ ಇಲ್ಲ. ತಿರುಗಿಸಿದರೆ ಹಿಂದೆಯೂ ಅದೇ ಚಿತ್ತಾರ!

ಬೈಪಾಸ್ ಬೇಡ, ಲಾರಿ ಕಾಟ. ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಲ್ಲೇ ಬನ್ನಿ. ಬಸ್ಸಿಗೇ ಮೀಸಲಾದ ಬಿಆರ್‌ಟಿಎಸ್ ಲೇನ್ ಮಾತ್ರ ಚಿಗರಿ ಬಸ್ಸಿಗೆ ಬಿಟ್ಟುಬಿಡಿ.