ಹಳೇ ಬೇಸ್‌ಬಾಲ್ ಕಾರ್ಡ್ ಅಳತೆಗಿಂತ ಚಿಕ್ಕದಿದ್ದರೆ ಯಾರೋ ಕತ್ತರಿಸಿದ್ದಾರೆ ಅಂತಲೇ ಅರ್ಥವಾ?

ಪ್ರಶ್ನೆ (ಪಿಟ್ಸ್‌ಬರ್ಗ್‌ನ ಸದಸ್ಯರು):
ನಮಸ್ಕಾರ ಸರ್. ನಮ್ಮ ಏರಿಯಾದ ಒಂದು ಎಸ್ಟೇಟ್ ಸೇಲ್‌ನಲ್ಲಿ (ಮನೆಯ ಹಳೇ ಸಾಮಾನೆಲ್ಲ ಮಾರುವ ಮಾರಾಟ) ಒಂದಿಷ್ಟು ಹಳೇ ಬೇಸ್‌ಬಾಲ್ ಕಾರ್ಡ್ ಸಿಕ್ಕವು. ಸಿಗರೇಟ್ ಪ್ಯಾಕ್ ಜೊತೆ ಬರುತ್ತಿದ್ದ ಟಿ206 ಕಾರ್ಡ್‌ಗಳು. ಚೆನ್ನಾಗಿ ಕಂಡ ಎರಡನ್ನು ಗ್ರೇಡಿಂಗ್‌ಗೆ, ಅಂದರೆ ಕಾರ್ಡ್ ಪರೀಕ್ಷಿಸಿ ಅಂಕ ಕೊಡುವ ಕಂಪನಿಗೆ, ಕಳಿಸಿದೆ. ಎರಡೂ ಗ್ರೇಡ್ ಇಲ್ಲದೆ ವಾಪಸ್ ಬಂದವು. ಕಾರಣ ಕೇಳಿದರೆ 'ಕನಿಷ್ಠ ಅಳತೆ ಇಲ್ಲ' ಅಂತ ಒಂದೇ ಸಾಲು. ಕಟ್ಟಿದ ದುಡ್ಡೂ ಹೋಯಿತು. ಸ್ಕೇಲ್ ಇಟ್ಟು ನೋಡಿದೆ, ಎರಡೂ ಅಗಲದಲ್ಲಿ ಸುಮಾರು ಒಂದು ಮಿಲಿಮೀಟರ್ ಕಮ್ಮಿ ಇವೆ. ಒಂದರ ಹಿಂದೆ ಪೀಡ್‌ಮಾಂಟ್ ಸಿಗರೇಟಿನ ಜಾಹೀರಾತು ಇದೆ, ಇನ್ನೊಂದರ ಹಿಂದೆ ಅಮೆರಿಕನ್ ಬ್ಯೂಟಿ. ಯಾರೋ ಅಂಚು ಕತ್ತರಿಸಿ ನನಗೆ ಟೋಪಿ ಹಾಕಿದರಾ?

ಉತ್ತರ:
ನಮಸ್ಕಾರ. ಮೊದಲು ಆ ಒಂದು ಸಾಲಿನ ವಿಷಯ. 'ಅಳತೆ ಇಲ್ಲ' ಅನ್ನುವುದೂ 'ಕತ್ತರಿಸಿದ್ದಾರೆ' ಅನ್ನುವುದೂ ಬೇರೆ ಬೇರೆ ಷರಾ. ಅಳತೆ ಇಲ್ಲ ಅಂದರೆ, ಕತ್ತರಿಸಿದ ಗುರುತು ಸಿಕ್ಕಿಲ್ಲ, ಆದರೆ ಇಷ್ಟು ಚಿಕ್ಕ ಕಾರ್ಡ್‌ಗೆ ಗ್ರೇಡ್ ಕೊಡಲು ಧೈರ್ಯ ಇಲ್ಲ ಅಂತ. ಹಾಗಾಗಿ ಸದ್ಯಕ್ಕೆ ಯಾರ ಮೇಲೂ ಅನುಮಾನ ಬೇಡ.

ಟಿ206 ಕಾರ್ಡ್‌ಗಳು 1909ರಿಂದ 1911ರವರೆಗೆ ಬಂದವು, ಅಮೆರಿಕನ್ ಟೊಬ್ಯಾಕೊ ಕಂಪನಿಯ ಸಿಗರೇಟ್‌ಗಳ ಜೊತೆ. ಪುಸ್ತಕದ ಅಳತೆ 1 7/16 ಇಂಚು ಅಗಲ, 2 5/8 ಇಂಚು ಉದ್ದ. ಅಂದರೆ ಸುಮಾರು 36.5 ಮತ್ತು 66.7 ಮಿಲಿಮೀಟರ್. ಆದರೆ ಆಗ ಯಾರೂ ಮಿಲಿಮೀಟರ್ ಲೆಕ್ಕ ಇಟ್ಟು ಕತ್ತರಿಸಲಿಲ್ಲ. ಮದುವೆ ಕರೆಯೋಲೆ ಕಟ್ಟನ್ನು ಪ್ರೆಸ್‌ನಲ್ಲಿ ಕಟಿಂಗ್ ಮಷೀನ್‌ಗೆ ಕೊಡುತ್ತಾರಲ್ಲ, ಅದೇ ಥರ. ಹಾಳೆಗಳ ಕಟ್ಟು ಸ್ವಲ್ಪ ಜರುಗಿದರೆ ಕಾರ್ಡ್‌ಗಳ ಒಂದು ಸಾಲು ದೊಡ್ಡದು, ಪಕ್ಕದ ಸಾಲು ಚಿಕ್ಕದು.

ನಿಮ್ಮ ಅಮೆರಿಕನ್ ಬ್ಯೂಟಿ ಕಾರ್ಡ್ ಬಗ್ಗೆ ನನಗೆ ಹೆಚ್ಚು ಚಿಂತೆ ಇಲ್ಲ. ಆ ಬ್ರಾಂಡ್‌ನ ಪ್ಯಾಕೇ ಸಪೂರ, ಅದಕ್ಕೆ ಹಿಡಿಸಲು ಕಾರ್ಡನ್ನೂ ಕಾರ್ಖಾನೆಯಲ್ಲೇ ಅಗಲದಲ್ಲಿ ಕಮ್ಮಿ ಮಾಡಿದ್ದರು. ಬಲ್ಲವರು ಮೊದಲು ಕಾರ್ಡ್ ತಿರುಗಿಸಿ ಹಿಂಬದಿ ಓದುತ್ತಾರೆ, ಆಮೇಲೆ ಅಳೆಯುತ್ತಾರೆ. ಆದರೆ ಈ ರಿಯಾಯಿತಿ ಅಗಲಕ್ಕೆ ಮಾತ್ರ. ಉದ್ದವೂ ಕಮ್ಮಿ ಇದ್ದರೆ ಹೇಳಿ.

ಪೀಡ್‌ಮಾಂಟ್‌ಗೆ ಆ ನೆಪ ಇಲ್ಲ. ಅದನ್ನು ಸರಿಯಾಗಿ ನೋಡಬೇಕು. ಸ್ಕೇಲ್ ಸಾಲದು, ಡಿಜಿಟಲ್ ಕ್ಯಾಲಿಪರ್ (ಎರಡು ದವಡೆಯ ನಡುವೆ ಹಿಡಿದು ಅಳೆಯುವ ಸಾಧನ) ತೆಗೆದುಕೊಳ್ಳಿ. ಅಂಚಿಗೆ ಒತ್ತಬೇಡಿ, ಸುಮ್ನೆ ತಾಗಿಸಿದರೆ ಸಾಕು. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಿರಿ. ಆಮೇಲೆ ಎಡಕ್ಕೆ ಎಷ್ಟು ಬಿಳಿ ಅಂಚು ಇದೆ, ಬಲಕ್ಕೆ ಎಷ್ಟು ಅಂತ ನೋಡಿ. ಕಾರ್ಖಾನೆಯಲ್ಲಿ ಬ್ಲೇಡ್ ಜರುಗಿದ್ದರೆ ಒಂದು ಕಡೆ ಕಮ್ಮಿಯಾದ ಬಿಳಿ ಸಾಮಾನ್ಯವಾಗಿ ಇನ್ನೊಂದು ಕಡೆ ಜಾಸ್ತಿಯಾಗಿ ಕಾಣುತ್ತದೆ. ಒಂದು ಕಡೆ ಕಮ್ಮಿ, ಇನ್ನೊಂದು ಕಡೆ ಮಾಮೂಲಿ ಅಂದರೆ, ಆ ಕಮ್ಮಿಯಾದದ್ದು ಎಲ್ಲಿಗೆ ಹೋಯಿತು ಅಂತ ಕೇಳಬೇಕಾಗುತ್ತದೆ.

ಫೋಟೋದಲ್ಲಿ ಇದನ್ನೆಲ್ಲ ತೀರ್ಮಾನಿಸಲು ನನಗೆ ಆಗುವುದಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೂಪ್ (ಪುಟ್ಟ ಭೂತಗನ್ನಡಿ) ಇದ್ದರೆ ನಾಲ್ಕೂ ಅಂಚು ನೋಡಿ ಬರೆಯಿರಿ.

ಮತ್ತೆ ಪಿಟ್ಸ್‌ಬರ್ಗ್‌ನವರು:
ಥ್ಯಾಂಕ್ಸ್ ಸರ್. ಅಮೆರಿಕನ್ ಬ್ಯೂಟಿ ಉದ್ದದಲ್ಲಿ ಸರಿ ಇದೆ. ಪೀಡ್‌ಮಾಂಟ್ ಅಗಲ ಮೇಲೆ 35.6, ನಡುವೆ 35.2, ಕೆಳಗೆ 35.7. ಬಲಗಡೆ ಬಿಳಿ ಅಂಚು ತೆಳ್ಳಗಿದೆ, ಎಡಗಡೆ ಮಾಮೂಲಿ. ಇನ್ನೊಂದು ವಿಚಿತ್ರ. ಎಡಗಡೆಯ ಎರಡೂ ಮೂಲೆ ಸವೆದು ಗುಂಡಗಾಗಿವೆ, ಬಲಗಡೆಯ ಎರಡು ಮೂಲೆ ಚೂಪಾಗಿವೆ.

ಉತ್ತರ:
ಆ ಮೂಲೆಗಳ ವಿಷಯ ಮೊದಲೇ ಹೇಳಬಾರದಿತ್ತಾ! ನೂರಕ್ಕೂ ಹೆಚ್ಚು ವರ್ಷ ಕೈಯಿಂದ ಕೈಗೆ ಹೋದ ಕಾರ್ಡ್ ಒಂದೇ ಮಗ್ಗುಲಲ್ಲಿ ಸವೆಯುವುದು ಅಪರೂಪ. ಜೊತೆಗೆ ನಡುವೆ ಅಗಲ ಕಮ್ಮಿ, ತುದಿಗಳಲ್ಲಿ ಜಾಸ್ತಿ. ಸ್ಕೇಲ್ ಒತ್ತಿ ಹಿಡಿದು ಬ್ಲೇಡ್ ಎಳೆದವರ ಕೈ ನಡುವೆ ಒಳಕ್ಕೆ ಸರಿದಿರಬೇಕು.

ಹಳೇ ಕಟಿಂಗ್ ಮಷೀನ್ ಸೊಟ್ಟಗೆ ಕತ್ತರಿಸುವುದಿಲ್ಲ ಅಂತಲ್ಲ, ಎಷ್ಟೋ ಸಲ ಕತ್ತರಿಸುತ್ತದೆ. ಆದರೆ ಸೊಟ್ಟಗಿದ್ದರೂ ಅಂಚು ನೇರ ಇರುತ್ತದೆ. ಎದುರುಬದುರು ಅಂಚುಗಳು ಹೆಚ್ಚಾಗಿ ಒಂದೇ ಕಡೆಗೆ ವಾಲಿರುತ್ತವೆ. ನಿಮ್ಮದರಲ್ಲಿ ಒಂದೇ ಅಂಚು ಬೇರೆ ದಾರಿ ಹಿಡಿದಿದೆ.

ಕೊನೆಯದಾಗಿ ಒಂದು ಕೆಲಸ ಮಾಡಿ. ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟು ಬಲ ಅಂಚನ್ನೂ ಎಡ ಅಂಚನ್ನೂ ಲೂಪ್‌ನಲ್ಲಿ ನೋಡಿ. ಕಾರ್ಖಾನೆಯ ಅಂಚಿನಲ್ಲಿ ಕಾಗದದ ನಾರು ಸ್ವಲ್ಪ ಎದ್ದಿರುತ್ತದೆ, ಬಣ್ಣ ಚಹಾ ಕಲೆಯಂತೆ ಕಂದಿರುತ್ತದೆ. ಹೊಸದಾಗಿ ಬ್ಲೇಡ್ ಹಾಕಿದ ಅಂಚು ನುಣ್ಣಗೆ, ಬೆಳ್ಳಗೆ ಇರುತ್ತದೆ. ಬಣ್ಣವೊಂದನ್ನೇ ನಂಬಬೇಡಿ. 1950ರಲ್ಲಿ ಯಾರೋ ಹುಡುಗ ಕತ್ತರಿಸಿದ್ದರೆ ಆ ಅಂಚೂ ಇಷ್ಟು ಹೊತ್ತಿಗೆ ಕಂದಿರುತ್ತದೆ.

ಇನ್ನೊಬ್ಬ ಸದಸ್ಯೆ:
ಸರ್, ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಹಾಗಾದರೆ ಅಳತೆ ಸರಿ ಇದ್ದರೆ ಕಣ್ಣು ಮುಚ್ಚಿ ಕೊಳ್ಳಬಹುದು ಅಲ್ವಾ?

ಉತ್ತರ:
ಇಲ್ಲ ಮೇಡಂ, ಹಣ ಕಳೆದುಕೊಳ್ಳುವವರು ಇಲ್ಲೇ ಜಾಸ್ತಿ. ಆಗ ಕಾರ್ಖಾನೆಯಿಂದ ಅಳತೆಗಿಂತ ದೊಡ್ಡ ಕಾರ್ಡ್‌ಗಳೂ ಬರುತ್ತಿದ್ದವು. ಅಂಥದ್ದನ್ನು ಹುಡುಕಿ, ಸವೆದ ಅಂಚು ತೆಗೆದರೆ ಅಳತೆ ಸರಿಯಾಗಿಯೇ ಉಳಿಯುತ್ತದೆ, ಮೂಲೆಗಳೂ ಚೂಪಾಗುತ್ತವೆ. ಜಾಣ ಕಳ್ಳ ಚಿಕ್ಕ ಕಾರ್ಡ್ ಮುಟ್ಟುವುದೇ ಇಲ್ಲ.

ಟಿ206ರಲ್ಲೇ ಅತಿ ಹೆಸರಾದ, ಆಟಗಾರ ಹೋನಸ್ ವ್ಯಾಗ್ನರ್‌ನ ಕಾರ್ಡ್ ನೋಡಿ. 1991ರಲ್ಲಿ ಐಸ್ ಹಾಕಿ ಆಟಗಾರ ವೇಯ್ನ್ ಗ್ರೆಟ್ಸ್‌ಕಿ ಮತ್ತು ಆತನ ತಂಡದ ಮಾಲೀಕ ಬ್ರೂಸ್ ಮೆಕ್‌ನಾಲ್ ಹರಾಜಿನಲ್ಲಿ 4,51,000 ಡಾಲರ್‌ಗೆ ಕೊಂಡದ್ದು. ಆಮೇಲೆ ಗ್ರೇಡಿಂಗ್ ಕಂಪನಿ ಪಿಎಸ್ಎ ಅದಕ್ಕೆ ಹತ್ತರಲ್ಲಿ 8 ಅಂತ ಗ್ರೇಡ್ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲ್ ಮಾಡಿತು. 2007ರಲ್ಲಿ ಅದರ ಬೆಲೆ 28 ಲಕ್ಷ ಡಾಲರ್ ಮುಟ್ಟಿತು. 2013ರಲ್ಲಿ ಹರಾಜುದಾರ ಬಿಲ್ ಮಾಸ್ಟ್ರೋ, ಆ ಕಾರ್ಡಿನ ಅಂಚು ತಾನೇ ಕತ್ತರಿಸಿದ್ದೆ ಅಂತ ಕೋರ್ಟ್‌ನಲ್ಲಿ ಒಪ್ಪಿಕೊಂಡ. ಡಬ್ಬಿಯೊಳಗೆ ಇದೆ ಅನ್ನುವುದು ಒಳ್ಳೆಯ ಸೂಚನೆಯೇ, ಆದರೆ ಅದೇ ಕೊನೆಯ ಮಾತಲ್ಲ.

ನಿಮಗೆ ನನ್ನ ಸಲಹೆ ಇಷ್ಟೇ. ಅದೇ ಸೆಟ್‌ನ, ಅದೇ ಹಿಂಬದಿಯ ಕೆಲವು ಅಗ್ಗದ, ಮಡಚಿ ಹಾಳಾದ ಕಾರ್ಡ್ ಕೊಂಡು ಇಟ್ಟುಕೊಳ್ಳಿ. ಹಾಳಾದ ಕಾರ್ಡನ್ನು ಲಾಭಕ್ಕೆ ಅಂತ ಯಾರೂ ಕತ್ತರಿಸುವುದಿಲ್ಲ, ಹಾಗಾಗಿ ಅಸಲಿ ಅಂಚು ಹೇಗಿರುತ್ತದೆ ಅಂತ ಅವುಗಳಿಂದ ಗೊತ್ತಾಗುತ್ತದೆ. ಪುಸ್ತಕದ ಅಳತೆಗಿಂತ ಇದು ಮೇಲು.

ಪಿಟ್ಸ್‌ಬರ್ಗ್‌ನವರು:
ಟಾರ್ಚ್ ಹಾಕಿ ನೋಡಿದೆ. ಬಲ ಅಂಚು ನುಣ್ಣಗಿದೆ, ಉಳಿದ ಮೂರೂ ಒರಟು. ಹೋಯಿತು ಬಿಡಿ. ಇನ್ನು ಇದನ್ನು ಏನು ಮಾಡಲಿ?

ಉತ್ತರ:
ಬಿಸಾಡಬೇಡಿ. ಕತ್ತರಿಸಿದ ಟಿ206ಕ್ಕೂ ಗಿರಾಕಿ ಇದ್ದಾರೆ, ಬೆಲೆ ಮಾತ್ರ ಬಹಳ ಇಳಿಯುತ್ತದೆ. ಗ್ರೇಡ್ ನಂಬರ್ ಇಲ್ಲದೆ, ಅಸಲಿ ಕಾರ್ಡ್ ಅಂತ ಮಾತ್ರ ನಮೂದಿಸಿ ಸೀಲ್ ಮಾಡಿಸಲೂಬಹುದು. ಮಾರುವಾಗ 'ಬಲ ಅಂಚು ಕತ್ತರಿಸಿದೆ' ಅಂತ ವಿವರದ ಮೊದಲ ಸಾಲಲ್ಲೇ ಬರೆಯಿರಿ. ಎಸ್ಟೇಟ್ ಸೇಲ್‌ನಲ್ಲಿ ಸಾಮಾನ್ಯವಾಗಿ ಇದ್ದದ್ದು ಇದ್ದ ಹಾಗೇ ಮಾರುತ್ತಾರೆ, ವಾಪಸ್ ಆಸೆ ಬೇಡ. ಅಮೆರಿಕನ್ ಬ್ಯೂಟಿಯನ್ನು ಹಿಂಬದಿ ಯಾವುದು ಅಂತ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆದು ಇನ್ನೊಮ್ಮೆ ಕಳಿಸಿ ನೋಡಿ.

ಮತ್ತೊಬ್ಬ ಸದಸ್ಯರು:
ನನ್ನ ಹತ್ತಿರ 1975ರಲ್ಲಿ ಟಾಪ್ಸ್ ಕಂಪನಿ ತಂದ, ಆಟಗಾರ ಜಾರ್ಜ್ ಬ್ರೆಟ್‌ನ ಕಾರ್ಡ್ ಇದೆ. ನಾಲ್ಕೂ ಕಡೆ ಚಿಕ್ಕದು. ನನ್ನದೂ ಗೋವಿಂದನಾ?

ಉತ್ತರ:
ಅಳತೆ 2¼ ಬೈ 3⅛ ಇಂಚು ಬರುತ್ತದಾ ನೋಡಿ. ಬಂದರೆ, ಚಿತ್ರ, ಅಕ್ಷರ, ಅಂಚು ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿವೆಯಾ ಅಂತ ಅದೇ ವರ್ಷದ ಮಾಮೂಲಿ ಅಳತೆಯ ಕಾರ್ಡಿನ ಪಕ್ಕ ಇಟ್ಟು ಹೋಲಿಸಿ. ಕುಗ್ಗಿದ್ದರೆ ಅದು ಆ ವರ್ಷ ಟಾಪ್ಸ್ ತಾನೇ ತಂದ ಮಿನಿ ಸೆಟ್‌ನದು. ಕತ್ತರಿಸಿದ ಕಾರ್ಡಿನಲ್ಲಿ ಚಿತ್ರದ ಅಳತೆ ಬದಲಾಗುವುದಿಲ್ಲ, ಅಂಚು ಮಾತ್ರ ಹೋಗಿರುತ್ತದೆ. ಮಿನಿಯೇ ಆಗಿದ್ದರೆ ಅದರ ಮೂಲೆಗಳ ಫೋಟೋ ಹಾಕಿ, ನಾನೂ ನೋಡುತ್ತೇನೆ.